ಪೋರ್ಟ್ ಬ್ಲೇರ್‌ನಿಂದ ಅಗತ್ತಿಗೆ: ಮೂರು ಗಂಟೆ ಹದಿನೇಳು ನಿಮಿಷವೋ, ಎರಡು ದಿನವೋ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಅಂಡಮಾನಿಗೂ ಲಕ್ಷದ್ವೀಪಕ್ಕೂ ಒಂದೇ ಪ್ರವಾಸದಲ್ಲಿ ಹೋಗಿಬರಬೇಕೆಂದು ಮನಸ್ಸು ಮಾಡಿದ್ದೇನೆ. ಅಪ್ಪ ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು ಮಕ್ಕಳಿಗೆ ತೋರಿಸುತ್ತಿದ್ದ ಎರಡು ದ್ವೀಪಸಮೂಹಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನದ ಆಸೆ.

ದೂರ ಲೆಕ್ಕ ಹಾಕಿಕೊಡುವ ಒಂದು ಜಾಲತಾಣದಲ್ಲಿ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟಾಗ, ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಲಕ್ಷದ್ವೀಪದ ಅಗತ್ತಿಗೆ 2,243 ಕಿ.ಮೀ., ಹಾರಾಟದ ಅವಧಿ 3 ಗಂಟೆ 17 ನಿಮಿಷ ಎಂದು ಬಂದಿತು. ಅಪ್ಪನಿಗೆ ಅದನ್ನು ಓದಿ ಹೇಳಿಯೂಬಿಟ್ಟೆ. ಆದರೆ ಟಿಕೆಟ್ ಕಾಯ್ದಿರಿಸಲು ಹೊರಟರೆ ಒಂದು ತಾಣದಲ್ಲಿ ಏನೂ ಸಿಗಲಿಲ್ಲ, ಇನ್ನೊಂದರಲ್ಲಿ ಇಪ್ಪತ್ತಾರು ಗಂಟೆಯ ಪ್ರಯಾಣ ಎಂದು ತೋರಿಸಿತು. ಪೋರ್ಟ್ ಬ್ಲೇರ್ ಊರಿನ ಹೆಸರು 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಬದಲಾದ ಕಾರಣ ಹೀಗಾಗುತ್ತಿದೆಯೋ ಎಂಬ ಅನುಮಾನದಿಂದ ಎರಡೂ ಹೆಸರಿನಲ್ಲಿ ಹುಡುಕಿದೆ. ಮೂರು ಗಂಟೆ ಇಪ್ಪತ್ತಾರು ಗಂಟೆ ಆಗುವುದು ಹೇಗೆ? ತಿಳಿದವರು ದಯವಿಟ್ಟು ತಿಳಿಸಿ.

ರನ್‌ವೇ ಒಂಬತ್ತು
ಹೆಸರಿನ ತೊಡಕು ಇದಲ್ಲ. ಆ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ. ನೀವು ಓದಿದ 3 ಗಂಟೆ 17 ನಿಮಿಷವನ್ನು ಯಾವ ಪೈಲಟ್ಟೂ ಹಾರಿ ನೋಡಿದ್ದಲ್ಲ, ಅದು ಬರಿಯ ಭಾಗಾಕಾರದ ಉತ್ತರ.

ನಕ್ಷೆಮೇಷ್ಟ್ರು
ಆ ಭಾಗಾಕಾರವನ್ನು ಇಲ್ಲಿಯೇ ಮಾಡಿ ತೋರಿಸುತ್ತೇನೆ. ಇಂತಹ ತಾಣಗಳಲ್ಲಿ ಹೆಚ್ಚಿನವು ವಿಮಾನದ ವೇಗವನ್ನು ಗಂಟೆಗೆ 500 ಮೈಲಿ, ಅಂದರೆ 805 ಕಿ.ಮೀ. ಎಂದು ಇಟ್ಟುಕೊಳ್ಳುತ್ತವೆ. 2,243ನ್ನು 805ರಿಂದ ಭಾಗಿಸಿದರೆ 2 ಗಂಟೆ 47 ನಿಮಿಷ ಬರುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸಿದರೆ 3 ಗಂಟೆ 17 ನಿಮಿಷ ಆಯಿತು. ಮಾರ್ಗದಲ್ಲಿ ವಿಮಾನ ಓಡುತ್ತದೆಯೇ, ಓಡುವುದಾದರೆ ಯಾವ ವಿಮಾನ, ಗಾಳಿ ಎತ್ತ ಬೀಸುತ್ತದೆ ಎಂಬ ಯಾವುದೂ ಆ ಲೆಕ್ಕಕ್ಕೆ ಬೇಕಾಗಿಲ್ಲ.

ದೂರದ ಅಂಕಿ ಮಾತ್ರ ಸರಿಯಾಗಿದೆ. ಪೋರ್ಟ್ ಬ್ಲೇರ್ ನಿಲ್ದಾಣ 11.64 ಡಿಗ್ರಿ ಉತ್ತರ ಅಕ್ಷಾಂಶ, 92.73 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಅಗತ್ತಿ 10.82 ಮತ್ತು 72.18ರಲ್ಲಿದೆ. ಭೂಮಿಯ ಗುಂಡಗಿನ ಮೈಮೇಲೆ ಈ ಎರಡು ಬಿಂದುಗಳ ನಡುವೆ ದಾರ ಬಿಗಿದರೆ ಸುಮಾರು 2,240 ಕಿ.ಮೀ. ಆಗುತ್ತದೆ. ಆ ದಾರ ಬಂಗಾಳ ಕೊಲ್ಲಿಯನ್ನು ದಾಟಿ, ಚಿದಂಬರದ ದಕ್ಷಿಣಕ್ಕೆ ಸೀರ್ಕಾಳಿಯ ಆಸುಪಾಸಿನಲ್ಲಿ ನೆಲ ಮುಟ್ಟಿ, ಈರೋಡಿನ ಕೆಳಗೆ ಹಾದು, ಕೊಯಮತ್ತೂರಿನ ನೆತ್ತಿ ಸವರಿ, ಕೋಯಿಕ್ಕೋಡಿನ ಕರಿಪುರ ವಿಮಾನ ನಿಲ್ದಾಣದ ಹತ್ತಿರ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ನಿಮ್ಮ ತಂದೆಯವರಿಗೆ ಈ ಗೆರೆಯನ್ನು ನಕ್ಷೆಯ ಮೇಲೆ ಎಳೆದು ತೋರಿಸಿ, ಖುಷಿಪಡುತ್ತಾರೆ.

ಕಡಲಕಾಗೆ
ನೇರ ವಿಮಾನ ಇಲ್ಲ ಎಂದು ಎಲ್ಲರೂ ಬಹಳ ಸುಲಭವಾಗಿ ಒಪ್ಪಿಕೊಳ್ಳುತ್ತಿದ್ದೀರಿ. ಎರಡೂ ಕೇಂದ್ರಾಡಳಿತ ಪ್ರದೇಶಗಳು, ಎರಡಕ್ಕೂ ಪ್ರವಾಸಿಗರು ಹೋಗುತ್ತಾರೆ. ವಾರಕ್ಕೊಂದು ವಿಮಾನ ಬಿಡಲು ಮನಸ್ಸಿಲ್ಲ ಎನ್ನುವುದಷ್ಟೇ ಕಾರಣ. ಅದಲ್ಲದೆ ಪೂರ್ವದಿಂದ ಪಶ್ಚಿಮಕ್ಕೆ ಹೋಗುವಾಗ ಒಂದು ಗಂಟೆ ಉಳಿಯುತ್ತದೆ, ಗಡಿಯಾರದ ಲೆಕ್ಕದಲ್ಲಿ ಎರಡೇ ಗಂಟೆಯಲ್ಲಿ ತಲುಪಿದ ಹಾಗೆ.

ಮಲೆನಾಡ ಅಡಿಕೆ
ಒಂದು ಗಂಟೆ ಎಲ್ಲಿಂದ ಉಳಿಯಿತು ಕಡಲಕಾಗೆಯವರೇ? ಎರಡು ಕಡೆಯೂ ಭಾರತೀಯ ಕಾಲಮಾನವೇ ಇದೆ. ಕೈಗಡಿಯಾರವನ್ನು ಮುಟ್ಟಬೇಕಾಗಿಲ್ಲ.

ರನ್‌ವೇ ಒಂಬತ್ತು
ಮನಸ್ಸಿನ ಮಾತನ್ನು ಸ್ವಲ್ಪ ಬದಿಗಿಟ್ಟು ರನ್‌ವೇಯ ಉದ್ದವನ್ನು ನೋಡಿ. ಪೋರ್ಟ್ ಬ್ಲೇರ್‌ನ ವೀರ್ ಸಾವರ್ಕರ್ ನಿಲ್ದಾಣದ ರನ್‌ವೇ ಸುಮಾರು 3,290 ಮೀಟರ್ ಉದ್ದವಿದೆ, ಅಲ್ಲಿ ಎ320 ಎಂಬ ದೊಡ್ಡ ಜೆಟ್ ವಿಮಾನ ನಿರಾತಂಕವಾಗಿ ಇಳಿಯುತ್ತದೆ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ದ್ವೀಪದ ತೆಂಕಣ ತುದಿಯಲ್ಲಿ ಎಡಕ್ಕೂ ಬಲಕ್ಕೂ ನೀರಿರುವ ಪಟ್ಟಿಯದು. 1988ರಲ್ಲಿ ಅದು ತೆರೆದಾಗ ಅಲ್ಲಿಗೆ ಹೋಗುತ್ತಿದ್ದುದು ಡಾರ್ನಿಯರ್ 228 ಎಂಬ ಪುಟ್ಟ ವಿಮಾನ. ಈಗ ಎ.ಟಿ.ಆರ್. 72 ಎಂಬ ಪ್ರೊಪೆಲರ್ ವಿಮಾನ ಹೋಗುತ್ತದೆ, ಅದೂ ತೂಕವನ್ನು ಅಳೆದು ಸುರಿದು.

ಹಾಗಾಗಿ ತೊಡಕು ಇರುವುದು ಇಲ್ಲಿ. 2,240 ಕಿ.ಮೀ. ಹಾರಬಲ್ಲ ಎ320 ಅಗತ್ತಿಯಲ್ಲಿ ಇಳಿಯಲಾರದು, ಏಕೆಂದರೆ ಜನ ತುಂಬಿದ ಅದಕ್ಕೆ ಎರಡು ಸಾವಿರ ಮೀಟರಿನ ಆಸುಪಾಸು ಬೇಕು. ಅಗತ್ತಿಯಲ್ಲಿ ಇಳಿಯಬಲ್ಲ ಎ.ಟಿ.ಆರ್.ಗೆ ಪೂರ್ತಿ ಪ್ರಯಾಣಿಕರನ್ನು ಹೊತ್ತು 1,400–1,500 ಕಿ.ಮೀ.ಗಿಂತ ದೂರ ಹೋಗುವ ಶಕ್ತಿಯಿಲ್ಲ. ನೀವು ಟಿಕೆಟ್ ಕೊಳ್ಳಬಹುದಾದ ಯಾವ ವಿಮಾನವೂ ಈ ಗೆರೆಯ ಎರಡು ತುದಿಗೂ ಸಲ್ಲುವುದಿಲ್ಲ.

ಕಡಲಕಾಗೆ
ಕಾಲಮಾನದ ಮಾತು ತಪ್ಪಾಯಿತು, ಒಪ್ಪಿದೆ. ವಿಮಾನದ ಮಾತನ್ನು ಒಪ್ಪುವುದಿಲ್ಲ. ಎ.ಟಿ.ಆರ್. ವಿಮಾನವನ್ನು ಪೋರ್ಟ್ ಬ್ಲೇರ್‌ನಿಂದ ಚೆನ್ನೈಗೆ ತಂದು, ಎಣ್ಣೆ ತುಂಬಿಸಿ, ಅಲ್ಲಿಂದ ಅಗತ್ತಿಗೆ ಕಳುಹಿಸಬಹುದಲ್ಲ? ಚೆನ್ನೈ ದೂರ 1,370 ಕಿ.ಮೀ. ಎಂದು ನಾನೂ ನೋಡಿದ್ದೇನೆ, ನಿಮ್ಮ 1,400ರ ಒಳಗೇ ಬಂದಿತು.

ರನ್‌ವೇ ಒಂಬತ್ತು
1,370 ಕಿ.ಮೀ. ದಾಟಿದರೆ ಸಾಲದು. ಪೋರ್ಟ್ ಬ್ಲೇರ್‌ಗೆ ಹೋಗುವಾಗ ಅಲ್ಲಿ ಮಳೆಯೋ ಮೋಡವೋ ಕವಿದು ಇಳಿಯಲಾಗದಿದ್ದರೆ ಪಕ್ಕದೂರಿನಲ್ಲಿ ಇಳಿಯುತ್ತೇನೆ ಎನ್ನಲು ಪಕ್ಕದೂರೇ ಇಲ್ಲ. ಸಮುದ್ರ ದಾಟಿ ಮತ್ತೆ ದಡಕ್ಕೆ ಬರುವಷ್ಟು ಇಂಧನ ಹೊಟ್ಟೆಯಲ್ಲಿರಬೇಕು. ದೊಡ್ಡ ವಿಮಾನಗಳು ಹೊತ್ತು ಹೋಗುತ್ತವೆ. ಎ.ಟಿ.ಆರ್. ಅಷ್ಟು ಇಂಧನ ಹೊತ್ತರೆ ಜನರನ್ನು ಕೆಳಗಿಳಿಸಬೇಕಾಗುತ್ತದೆ.

ಸಾಗರದ ಸೊಸೆ
ರನ್‌ವೇ ಒಂಬತ್ತು ಅವರು ಹೇಳಿದ್ದು ನನ್ನ ಅನುಭವಕ್ಕೆ ಬಂದಿದೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ ಹೊರಟಿದ್ದೆವು. ವಿಮಾನ ಯಾವ ಸಂಸ್ಥೆಯದೆಂಬುದು ಇಲ್ಲಿ ಮುಖ್ಯವಲ್ಲ, ಅವರದೇನೂ ತಪ್ಪಿರಲಿಲ್ಲ. ಎರಡು ಗಂಟೆ ಚೆನ್ನಾಗಿಯೇ ಹಾರಿದೆವು. ಅಷ್ಟರಲ್ಲಿ ಕಿಟಕಿಯ ಹೊರಗೆ ಬೂದಿಬಣ್ಣದ ಮೋಡ ಬಿಟ್ಟರೆ ಬೇರೇನೂ ಕಾಣದಾಯಿತು. ಒಂದು ಸಲ ಇಳಿಯಲು ಹೋಗಿ ಮತ್ತೆ ಮೇಲೆದ್ದರು, ಅರ್ಧ ಗಂಟೆ ಸುತ್ತು ಹೊಡೆದರು, ಕೊನೆಗೆ ಚೆನ್ನೈಗೆ ಮರಳುತ್ತಿದ್ದೇವೆ ಎಂದು ಘೋಷಿಸಿದರು. ಐದು ಗಂಟೆ ಆಕಾಶದಲ್ಲಿ ಕುಳಿತು, ಹೊರಟ ನಿಲ್ದಾಣದಲ್ಲಿಯೇ ಇಳಿದೆವು. ಪಕ್ಕದ ಆಸನದಲ್ಲಿದ್ದ ಅಜ್ಜಿಯೊಬ್ಬರು ಇಳಿಯುವಾಗ, ‘ಅಂಡಮಾನ್ ಥೇಟ್ ಚೆನ್ನೈ ಹಾಗೇ ಇದೆಯಲ್ಲಮ್ಮ’ ಎಂದರು. ತಮಾಷೆಗೆ ಹೇಳಿದರೋ ನಿಜವಾಗಿಯೇ ಹಾಗೆಂದುಕೊಂಡರೋ ನನಗೆ ಇಂದಿಗೂ ತಿಳಿದಿಲ್ಲ.

ಆದ್ದರಿಂದ ತುಂಗಾತೀರ ಅವರೇ, ಪೋರ್ಟ್ ಬ್ಲೇರ್‌ನ ಹಿಂದೆಯೂ ಮುಂದೆಯೂ ಒಂದೊಂದು ದಿನ ಖಾಲಿ ಇಟ್ಟುಕೊಳ್ಳಿ.

ತುಂಗಾತೀರ
ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತದೆಂದು ಅಂದುಕೊಂಡಿರಲಿಲ್ಲ. ಸೀರ್ಕಾಳಿ, ಕೊಯಮತ್ತೂರು, ಕರಿಪುರದ ಗೆರೆಯನ್ನು ಅಪ್ಪ ಹಳೆಯ ಅಟ್ಲಾಸಿನಲ್ಲಿ ಪೆನ್ಸಿಲಿನಿಂದ ಎಳೆದಿದ್ದಾರೆ. ಅವರ ಮರುಪ್ರಶ್ನೆ ಹೀಗಿದೆ: ನೇರವಾಗಿ ಹೋಗಲಾಗದಿದ್ದರೆ ಸುತ್ತಿಕೊಂಡು ಹೋಗುವುದರಿಂದ ಎಷ್ಟು ಕಿ.ಮೀ. ದಂಡವಾಗುತ್ತದೆ?

ಹೆಬ್ಬಾಳದ ಮೇಲ್ಸೇತುವೆ
ಗುರುಗಳ ಪ್ರಶ್ನೆಗೆ ಉತ್ತರ ಹುಡುಕಲು ಕುಳಿತಾಗ ನನಗೇ ಆಶ್ಚರ್ಯವಾಯಿತು. ಪೋರ್ಟ್ ಬ್ಲೇರ್‌ನಿಂದ ಬೆಂಗಳೂರಿಗೆ ಸುಮಾರು 1,640 ಕಿ.ಮೀ., ಬೆಂಗಳೂರಿನಿಂದ ಅಗತ್ತಿಗೆ ಸುಮಾರು 655 ಕಿ.ಮೀ., ಒಟ್ಟು 2,295. ನೇರ ಗೆರೆಗಿಂತ ಬರೀ 55 ಕಿ.ಮೀ. ಹೆಚ್ಚು! ಬೆಂಗಳೂರಿನಿಂದ ತುಮಕೂರಿಗೆ ಹೋಗಲು ಅದಕ್ಕಿಂತ ಹೆಚ್ಚು ದೂರವಿದೆ. ಕೊಚ್ಚಿಯನ್ನೂ ಸುತ್ತಿ ಹೋದರೆ, ಬೆಂಗಳೂರಿನಿಂದ ಕೊಚ್ಚಿಗೆ 365, ಕೊಚ್ಚಿಯಿಂದ ಅಗತ್ತಿಗೆ 465 ಸೇರಿ ಒಟ್ಟು 2,470 ಆಗುತ್ತದೆ.

ಬೆಂಗಳೂರಿನಿಂದ ಅಗತ್ತಿಗೆ ಇಂಡಿಗೋ ಸಂಸ್ಥೆಯು 2024ರ ಮಾರ್ಚ್ ಕೊನೆಯಲ್ಲಿ ಎ.ಟಿ.ಆರ್. ವಿಮಾನವನ್ನು ಆರಂಭಿಸಿತು. ಋತುವಿಗೊಮ್ಮೆ ವೇಳಾಪಟ್ಟಿ ಬದಲಾಗುವುದರಿಂದ ನೀವು ಹೊರಡುವ ವಾರದಲ್ಲಿ ಅದು ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಕೊಚ್ಚಿಯ ದಾರಿ ಹಿಡಿಯಬೇಕು.

ನಕ್ಷೆಮೇಷ್ಟ್ರು
ಹೆಬ್ಬಾಳದವರ ಲೆಕ್ಕಕ್ಕೆ ಒಂದು ತಿದ್ದುಪಡಿ. ಕೊಚ್ಚಿಗೇ ಹೋಗಬೇಕೆಂದಿದ್ದರೆ ಬೆಂಗಳೂರಿನ ಬದಲು ಚೆನ್ನೈ ಹಿಡಿಯುವುದು ಹತ್ತಿರ. 1,370 ಕೂಡಿಸು 520 ಕೂಡಿಸು 465 ಎಂದರೆ 2,355. ನೇರ ಗೆರೆಗಿಂತ 115 ಕಿ.ಮೀ. ಮಾತ್ರ ಹೆಚ್ಚು. ಅಂದರೆ ಯಾವ ದಾರಿಯಲ್ಲಿ ಹೋದರೂ ದೂರದ ದಂಡ ಬಹಳವಿಲ್ಲ, ಹೊತ್ತಿನ ದಂಡವೇ ದೊಡ್ಡದು.

ಕಾಲಮಾನದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಕಡಲಕಾಗೆಯವರನ್ನು ಪೂರ್ತಿ ತಪ್ಪೆನ್ನಬೇಡಿ. ಗಡಿಯಾರದಲ್ಲಿ ಇಲ್ಲದ ಗಂಟೆ ಸೂರ್ಯನಲ್ಲಿದೆ. ಎರಡು ನಿಲ್ದಾಣಗಳ ನಡುವೆ ಇಪ್ಪತ್ತೂವರೆ ಡಿಗ್ರಿ ರೇಖಾಂಶದ ಅಂತರವಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ 82 ನಿಮಿಷ. ನಮ್ಮ ಕಾಲಮಾನದ ಮಧ್ಯರೇಖೆ 82.5 ಡಿಗ್ರಿ ಈ ಪ್ರಯಾಣದ ಗೆರೆಯನ್ನು ಹೆಚ್ಚುಕಡಿಮೆ ಸರಿಯಾಗಿ ಎರಡು ಭಾಗ ಮಾಡುತ್ತದೆ. ಅದಕ್ಕೇ ಪೋರ್ಟ್ ಬ್ಲೇರ್ ಸೂರ್ಯನ ಲೆಕ್ಕದಲ್ಲಿ ಗಡಿಯಾರಕ್ಕಿಂತ 41 ನಿಮಿಷ ಮುಂದೆ, ಅಗತ್ತಿ 41 ನಿಮಿಷ ಹಿಂದೆ. ಒಂದು ಕಡೆ ಸಂಜೆ ಐದೂವರೆಗೆ ದೀಪ ಹಚ್ಚುವ ಕಾಲದಲ್ಲಿ ಇನ್ನೊಂದು ಕಡೆ ಹುಡುಗರು ಇನ್ನೂ ಚೆಂಡಾಡುತ್ತಿರುತ್ತಾರೆ.

ಮಲೆನಾಡ ಅಡಿಕೆ
ಮೇಷ್ಟ್ರು ಕಡಲಕಾಗೆಯವರಿಗೆ ಕೃಪಾಂಕ ಕೊಟ್ಟು ಪಾಸು ಮಾಡಿದರು.

ಹೆಬ್ಬಾಳದ ಮೇಲ್ಸೇತುವೆ
ಹೊತ್ತಿನ ದಂಡದ ವಿಷಯಕ್ಕೆ ಬರುತ್ತೇನೆ. ಟಿಕೆಟ್ಟಿನಲ್ಲಿ ಬರೆದಿರುವ ಅವಧಿಯನ್ನು ವಿಮಾನ ಆಕಾಶದಲ್ಲಿರುವ ಅವಧಿ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ನಿಂತ ಕ್ಷಣದವರೆಗಿನ ಲೆಕ್ಕವದು, ಅವರ ಭಾಷೆಯಲ್ಲಿ ಬ್ಲಾಕ್ ಟೈಮ್. ಬೆಂಗಳೂರಿನಂತಹ ನಿಲ್ದಾಣದಲ್ಲಿ ರನ್‌ವೇಯವರೆಗೆ ಉರುಳುವುದಕ್ಕೇ ಕಾಲು ಗಂಟೆ ಹಿಡಿಯುತ್ತದೆ, ಸಾಲಿನಲ್ಲಿ ನಿಂತರೆ ಇನ್ನೂ ಹೆಚ್ಚು. ಅಗತ್ತಿಯಲ್ಲಿ ಇಳಿದ ಮೇಲೆ ಎರಡು ನಿಮಿಷದಲ್ಲಿ ಮೆಟ್ಟಿಲ ಬಳಿ ಇರುತ್ತೀರಿ.

ನಾನು ಹಾಕಿದ ಅಂದಾಜು ಹೀಗಿದೆ. ಪೋರ್ಟ್ ಬ್ಲೇರ್‌ನಿಂದ ಬೆಂಗಳೂರಿಗೆ ಎ320 ವಿಮಾನದಲ್ಲಿ ಸುಮಾರು ಎರಡು ಮುಕ್ಕಾಲು ಗಂಟೆ. ಬೆಂಗಳೂರಿನಿಂದ ಅಗತ್ತಿಗೆ ಗಂಟೆಗೆ 500 ಕಿ.ಮೀ. ಹಾರುವ ಎ.ಟಿ.ಆರ್.ನಲ್ಲಿ ಸುಮಾರು ಎರಡು ಗಂಟೆ. ಆಸನದಲ್ಲಿ ಕುಳಿತಿರುವುದು ಒಟ್ಟು ಐದು ಗಂಟೆಗಿಂತ ಕಡಿಮೆ. ಉಳಿದ ಇಪ್ಪತ್ತೊಂದು ಗಂಟೆ ನೀವು ಕಾಯುವುದು. ಪೋರ್ಟ್ ಬ್ಲೇರ್‌ನಿಂದ ಬಂದಿಳಿಯುವ ಹೊತ್ತಿಗೆ ಆ ದಿನದ ಅಗತ್ತಿ ವಿಮಾನ ಹೊರಟುಹೋಗಿರುತ್ತದೆ, ಮರುದಿನದ್ದೇ ಗತಿ.

ಹಳೇಬಂದರು
ಇಷ್ಟೆಲ್ಲ ಊರುಗಳ ಹೆಸರು ಬಂತು, ಮಂಗಳೂರನ್ನು ಒಬ್ಬರೂ ನೆನೆಯಲಿಲ್ಲವಲ್ಲ! ಬಜ್ಪೆಯಿಂದ ಅಗತ್ತಿಗೆ ಸುಮಾರು 380 ಕಿ.ಮೀ. ಆಗುತ್ತದೆ, ಕೊಚ್ಚಿಗಿಂತ 85 ಕಿ.ಮೀ. ಹತ್ತಿರ. ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡ ಮಂಜಿಗಳು ನಮ್ಮ ಹಳೇ ಬಂದರಿನಿಂದ ಆ ದ್ವೀಪಗಳಿಗೆ ತಲೆಮಾರುಗಳಿಂದ ಹೋಗುತ್ತಿವೆ. ನಮ್ಮ ಅಜ್ಜನ ಅಂಗಡಿಗೆ ಬರುತ್ತಿದ್ದ ದ್ವೀಪದವರು ತೆಂಗಿನ ನಾರು, ಒಣಮೀನು, ಬೆಲ್ಲ ತಂದುಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಅಗತ್ತಿಯೂ ಸೇರಿ ಲಕ್ಷದ್ವೀಪವೇ ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ವಿಮಾನ ಹೊರಡಬೇಕಾದದ್ದು ಬಜ್ಪೆಯಿಂದ.

ಮಲೆನಾಡ ಅಡಿಕೆ
ಕೊನೆಯ ಮಾತು ಅರ್ಧ ಮಾತ್ರ ನಿಜ. 1956ಕ್ಕೆ ಮೊದಲು ದಕ್ಷಿಣ ಕನ್ನಡಕ್ಕೆ ಸೇರಿದ್ದುದು ಅಮಿನ್‌ದೀವಿ ಗುಂಪಿನ ದ್ವೀಪಗಳು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಅಗತ್ತಿ, ಕವರತ್ತಿ, ಮಿನಿಕಾಯ್ ಮಲಬಾರ್ ಜಿಲ್ಲೆಯಲ್ಲಿದ್ದವು. ಆದ್ದರಿಂದ ಅಗತ್ತಿಯ ದಾರಿ ಕೇರಳದ ಕಡೆಗೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಹಳೇಬಂದರು
ಜಿಲ್ಲೆಯ ಗಡಿಯ ತಿದ್ದುಪಡಿಯನ್ನು ಒಪ್ಪಿದೆ. 85 ಕಿ.ಮೀ. ಹತ್ತಿರ ಎಂಬುದನ್ನು ಯಾರೂ ತಿದ್ದಲಾರರು.

ಅಬರ್ಡೀನ್ ಕನ್ನಡಿಗ
ನೀವೆಲ್ಲ ಗಂಟೆಗಳ ಲೆಕ್ಕದಲ್ಲಿದ್ದೀರಿ. ಇಲ್ಲಿ ಸ್ಕಾಟ್ಲೆಂಡಿನ ಬಡಗಣದ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ವಿಮಾನವಿದೆ. ದೂರ 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಬೆನ್ನಿಗಿದ್ದಾಗ 53 ಸೆಕೆಂಡಿನಲ್ಲಿ ಮುಟ್ಟಿದ ದಾಖಲೆಯಿದೆ. ಎಂಟು ಹತ್ತು ಜನ ಕೂರುವ ಐಲ್ಯಾಂಡರ್ ವಿಮಾನವದು. ಮೇಷ್ಟ್ರ ತಾಣಕ್ಕೆ ಈ ಜೋಡಿಯನ್ನು ಕೊಟ್ಟರೆ ಅರ್ಧ ಗಂಟೆ ಕೂಡಿಸುವ ನಿಯಮದಂತೆ ಮೂವತ್ತು ನಿಮಿಷ ಎಂದು ಹೇಳುತ್ತದೆ. ಒಂದು ಕಡೆ ಇಪ್ಪತ್ತಾರು ಗಂಟೆಯನ್ನು ಮೂರು ಮಾಡುತ್ತದೆ, ಇನ್ನೊಂದು ಕಡೆ ಎರಡು ನಿಮಿಷವನ್ನು ಮೂವತ್ತು ಮಾಡುತ್ತದೆ.

ನಕ್ಷೆಮೇಷ್ಟ್ರು
ತಾಣ ನನ್ನದಲ್ಲ ಸ್ವಾಮಿ.

ಸಾಗರದ ಸೊಸೆ
ಗಾಳಿಯ ಮಾತನ್ನು ಅಬರ್ಡೀನಿನವರು ಎತ್ತಿದ್ದರಿಂದ ಕೇಳುತ್ತೇನೆ. ಪೋರ್ಟ್ ಬ್ಲೇರ್‌ಗೆ ಹೋಗುವಾಗಿನ ಅವಧಿಗೂ ಮರಳುವಾಗಿನ ಅವಧಿಗೂ ಟಿಕೆಟ್ಟಿನಲ್ಲಿ ವ್ಯತ್ಯಾಸ ಕಾಣುತ್ತದೆ. ಗಾಳಿಯೇ ಕಾರಣವೇ?

ರನ್‌ವೇ ಒಂಬತ್ತು
ಮಳೆಗಾಲದಲ್ಲಿ ಖಂಡಿತ ಗಾಳಿಯ ಪಾತ್ರವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪರ್ಯಾಯದ್ವೀಪದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ಗಾಳಿಯ ಹೊಳೆಯೊಂದು ಹರಿಯುತ್ತದೆ. ಉಷ್ಣವಲಯದ ಈ ಪೂರ್ವ ಜೆಟ್ ಪ್ರವಾಹವನ್ನು 1950ರ ದಶಕದಲ್ಲಿ ವಿವರಿಸಿದವರು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದರ ನಡುಭಾಗ ವಿಮಾನಗಳು ಹಾರುವ ಎತ್ತರಕ್ಕಿಂತ ಮೇಲಿದ್ದರೂ, ಕೆಳಗಿನ ಅಂಚು ತಟ್ಟುತ್ತದೆ. ಆ ತಿಂಗಳುಗಳಲ್ಲಿ ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಜನವರಿಯಲ್ಲಿ ಆ ಹೊಳೆ ಇರುವುದಿಲ್ಲ, ಚಳಿಗಾಲದ ಪಶ್ಚಿಮ ಜೆಟ್ ಉತ್ತರ ಭಾರತದ ಮೇಲಿರುತ್ತದೆ. ಹಾಗಾಗಿ ತುಂಗಾತೀರ ಅವರಿಗೆ ಗಾಳಿಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಕಡಲಕಾಗೆ
ಹಡಗಿನಲ್ಲಿ ಹೋದರೆ?

ಹಳೇಬಂದರು
ಪೋರ್ಟ್ ಬ್ಲೇರ್‌ನಿಂದ ಚೆನ್ನೈಗೆ ಹೆಚ್ಚುಕಡಿಮೆ ಮೂರು ದಿನ, ಕೊಚ್ಚಿಯಿಂದ ದ್ವೀಪಗಳಿಗೆ ಹದಿನಾಲ್ಕರಿಂದ ಹದಿನೆಂಟು ಗಂಟೆ, ನಡುವೆ ಚೆನ್ನೈಯಿಂದ ಕೊಚ್ಚಿಗೆ ಒಂದು ರಾತ್ರಿಯ ರೈಲು. ವಯಸ್ಸಾದವರಿಗೆ ಇದನ್ನು ಹೇಳಲಾರೆ.

ಸಾಗರದ ಸೊಸೆ
ಒಂದು ಮುಖ್ಯವಾದ ಸಂಗತಿಯನ್ನು ಯಾರೂ ಹೇಳಿಲ್ಲ. ಲಕ್ಷದ್ವೀಪಕ್ಕೆ ಹೋಗಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪೋರ್ಟ್ ಬ್ಲೇರ್‌ಗೆ ಬೇಕಾಗಿಲ್ಲ. ಪರವಾನಗಿ ಕೈಗೆ ಬರುವ ಮೊದಲು ಟಿಕೆಟ್ ಕೊಳ್ಳಬೇಡಿ. ಎ.ಟಿ.ಆರ್.ನಲ್ಲಿ ಸಾಮಾನಿನ ತೂಕದ ಮಿತಿಯೂ ಬಿಗಿಯಾಗಿರುತ್ತದೆ, ಪೋರ್ಟ್ ಬ್ಲೇರ್‌ನಲ್ಲಿ ಕೊಂಡ ಮರದ ಸಾಮಾನನ್ನೆಲ್ಲ ಬೆಂಗಳೂರಿನಲ್ಲಿಯೇ ಇಳಿಸಿ ಹೋಗಿ.

ತುಂಗಾತೀರ
ಎಲ್ಲರಿಗೂ ಧನ್ಯವಾದಗಳು. ಮನೆಯಲ್ಲಿ ಕುಳಿತು ಮಾತಾಡಿ ತೀರ್ಮಾನಿಸಿದ್ದೇವೆ. ಮೊದಲು ಪೋರ್ಟ್ ಬ್ಲೇರ್, ಅಲ್ಲಿಂದ ಬೆಂಗಳೂರಿಗೆ ಬಂದು ಚಿಕ್ಕಮ್ಮನ ಮನೆಯಲ್ಲಿ ಎರಡು ರಾತ್ರಿ. ಒಂದು ರಾತ್ರಿ ಸಾಕಾಗಿತ್ತು, ಸಾಗರದ ಸೊಸೆಯವರ ಅಜ್ಜಿಯ ಕಥೆ ಕೇಳಿದ ಮೇಲೆ ಅಮ್ಮ ಎರಡು ಮಾಡಿಸಿದರು. ಪರವಾನಗಿಗೆ ಅರ್ಜಿ ಹಾಕಿದ್ದೇನೆ. ಅದು ಬಂದ ಮೇಲೆಯೇ ಟಿಕೆಟ್. ಅಪ್ಪ ಅಟ್ಲಾಸಿನ ಗೆರೆಯ ನಡುವೆ 82.5 ಡಿಗ್ರಿಯ ಜಾಗದಲ್ಲಿ ಒಂದು ಚುಕ್ಕೆ ಇಟ್ಟು, ವಿಮಾನ ಅಲ್ಲಿಗೆ ಬಂದಾಗ ತನಗೆ ಹೇಳಬೇಕೆಂದು ತಾಕೀತು ಮಾಡಿದ್ದಾರೆ.

ಕೊನೆಯದೊಂದು ಪ್ರಶ್ನೆ: ಅಗತ್ತಿಯಲ್ಲಿ ಇಳಿಯುವಾಗ ಹವಳದ ಕೊಳ ಕಾಣಬೇಕಾದರೆ ಎಡಗಡೆಯ ಕಿಟಕಿಯೋ, ಬಲಗಡೆಯದೋ?

ರನ್‌ವೇ ಒಂಬತ್ತು
ಎರಡೂ ಕಡೆ ನೀರೇ ಇರುವುದರಿಂದ ಯಾವ ಕಡೆಯಾದರೂ ಸರಿ. ಎ.ಟಿ.ಆರ್.ನ ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ನೋಟಕ್ಕೆ ಅಡ್ಡ ಬರುವುದಿಲ್ಲ. ಇಂಜಿನ್ನಿನ ಪಕ್ಕದ ಸಾಲುಗಳನ್ನು ಬಿಟ್ಟು ಹಿಂದೆ ಕುಳಿತುಕೊಳ್ಳಿ. ಬಾಗಿಲೂ ಹಿಂದೆಯೇ ಇರುವುದರಿಂದ ನಿಮ್ಮ ತಂದೆಯವರೇ ಮೊದಲು ಇಳಿಯಬಹುದು.